ಕಾಫಿಕೋಣೆಯ ನೂರಿಪ್ಪತ್ತು ಆರೋಗ್ಯವಂತರು

“ಫಿನ್ಲೆಂಡಿನ ಯಾವ ಸರೋವರಕ್ಕಾದ್ರೂ ಒಂದು ಚಿಟಿಕೆ ಉಪ್ಪು ಹಾಕಿ, ಯಾವುದು ಅಂತ ನಾನು ಹೇಳ್ತೀನಿ” ಎನ್ನುತ್ತಿದ್ದ ತಾರ್ಮೊ ಕೊಸ್ಕಿಲಾ. ಹಿರ್ವಿಲಹ್ತಿ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಗೆ ಇಪ್ಪತ್ತಾರು ವರ್ಷಗಳಿಂದ ಅವನೇ ಯಜಮಾನ. ಅವನು ಕೊಟ್ಟ ಅಂಕಿಯನ್ನು ಡಾಕ್ಟರಿರಲಿ, ಯಮನೂ ಎರಡನೇ ಸಲ ಕೇಳುತ್ತಿರಲಿಲ್ಲ.

ಚಳಿಗಾಲದಲ್ಲಿ ಹೊಸ ಯಂತ್ರ ಬಂತು. ಅದಕ್ಕೆ ಊರಿನದೇ ಅಳತೆ ಬೇಕು. ನೂರಿಪ್ಪತ್ತು ಆರೋಗ್ಯವಂತರ ರಕ್ತ ತೆಗೆದು, ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ಎರಡೂ ತುದಿಯಲ್ಲಿ ಮೂರು ಮೂರನ್ನು ಕತ್ತರಿಸಿದರೆ ನಡುವೆ ಉಳಿದದ್ದೇ ‘ಸರಿ’. ಗಟ್ಟಿಮುಟ್ಟಾದ ನೂರು ಜನರಲ್ಲಿ ಐವರು ಅದರ ಹೊರಗೆ ಬೀಳುವುದು ಲೆಕ್ಕದ ಆಟ, ರೋಗವಲ್ಲ. ಇದಕ್ಕಾಗಿ ತಾರ್ಮೊ ಊರೆಲ್ಲ ಅಲೆಯಲಿಲ್ಲ. ಆಸ್ಪತ್ರೆಯ ಕಾಫಿಕೋಣೆಯಲ್ಲೇ ನೂರಿಪ್ಪತ್ತು ತೋಳು ಸಿಕ್ಕವು.

ಅಲ್ಲಿಂದಾಚೆಗೆ ಊರವರ ರಕ್ತದಲ್ಲಿ ಪೊಟ್ಯಾಸಿಯಂ ಏರತೊಡಗಿತು. ಆಲೂಗಡ್ಡೆಯಲ್ಲಿ ಅದು ಹೆಚ್ಚೆಂದು ಏರಿದವರಿಗೆಲ್ಲ ಡಾಕ್ಟರರು ಆಲೂಗಡ್ಡೆ ತಿನ್ನುವುದನ್ನೇ ಬಿಡಿಸಿದರು. ಟಪಾಲು ಹಂಚುವ ಇಂಪಿಯೂ ಬಿಟ್ಟಳು. ಹೊಸ ಆಲೂಗಡ್ಡೆಗೆ ಬೆಣ್ಣೆ, ಸಬ್ಬಸಿಗೆ ಬೀಳದೆ ನಡುಬೇಸಿಗೆಯ ಹಬ್ಬವೇ ಇಲ್ಲ. ಆ ದಿನ ಅವಳು ಬರೀ ಅನ್ನ ನುಂಗಿದಳು.

ಆಗಸ್ಟಿನಲ್ಲಿ ಮತ್ತೆ ರಕ್ತ ಕೊಡಲು ಬಂದವಳು ತೋಳು ಚಾಚಿಕೊಂಡೇ ಕೇಳಿದಳು.

“ತಾರ್ಮೊ, ನನ್ನ ದಾರೀಲಿ ಐವತ್ತು ಮನೆ. ಇಪ್ಪತ್ತರಲ್ಲಿ ಆಲೂಗಡ್ಡೆ ಬೇಯ್ತಿಲ್ಲ. ಇದೇನು ಅಂಟುರೋಗಾನಾ?”

“ಲೆಕ್ಕ ಸುಳ್ಳು ಹೇಳಲ್ಲ ಅಕ್ಕ.”

“ಲೆಕ್ಕದ ಮಾತು ಬಿಡು. ಲೆಕ್ಕ ಹಾಕಿದವನ್ನ ಕೇಳ್ತಿದ್ದೀನಿ.”

ಎರಡೂ ತುದಿ ಸೇರಿ ನೂರಕ್ಕೆ ಐದಿರಬೇಕಾದ ಕಡೆ, ಮೇಲಿನ ತುದಿಯೊಂದರಲ್ಲೇ ನಲವತ್ತು. ಅವಳು ಹೋದ ಮೇಲೆ ತಾರ್ಮೊ ಕಾಫಿಕೋಣೆಯಲ್ಲಿ ಹೋಗಿ ಕುಳಿತ. ಮೇಜಿನ ನಡುವೆ ಸಲ್ಮಿಯಾಕ್ಕಿಯ ಬಟ್ಟಲು. ಜ್ಯೇಷ್ಠಮಧುವಿನ ಆ ಕಪ್ಪು ಉಪ್ಪುಮಿಠಾಯಿಯನ್ನು ಅಲ್ಲಿಯವರು ಹಸು ಹುಲ್ಲು ಮೇಯುವಂತೆ ಮೇಯುತ್ತಿದ್ದರು. ದಿನಾ ತಿಂದರೆ ಪೊಟ್ಯಾಸಿಯಂ ಇಳಿಯುತ್ತದೆಂದು ಹೊಸಬರಿಗೆ ಪಾಠ ಹೇಳಿದವನು ಅವನೇ. ಪ್ರತಿ ಸೋಮವಾರ ಬಟ್ಟಲು ತುಂಬಿಸುತ್ತಿದ್ದವನೂ ಅವನೇ. ನೂರಿಪ್ಪತ್ತು ಆರೋಗ್ಯವಂತರೂ ಅದೇ ಬಟ್ಟಲಿನವರು; ಅವರ ಇಳಿದ ಪೊಟ್ಯಾಸಿಯಮ್ಮೇ ಊರಿಗೆಲ್ಲ ‘ಸರಿ’ಯ ಅಳತೆಯಾಗಿತ್ತು. ಅವನ ಕಿವಿಗಳು ಉಗಿಸ್ನಾನದ ಸೌನಾದ ಕಲ್ಲಿನಂತೆ ಕಾದವು; ನೀರು ಎರಚಿದ್ದರೆ ಆವಿ ಛಾವಣಿ ಮುಟ್ಟುತ್ತಿತ್ತು.

ಡಾಕ್ಟರರಿಗೆ ಅಂದೇ ತಿಳಿಸಿದ. ಇಂಪಿಯ ಮುಖ ನೋಡಲು ಮಾತ್ರ ಹದಿನೈದು ದಿನ ಬೇಕಾಯಿತು.

“ನಿಮ್ಮ ರಕ್ತ ಸರಿಯಾಗೇ ಇತ್ತು ಅಕ್ಕ” ಎಂದ, ಅವಳ ಮನೆಬಾಗಿಲಲ್ಲಿ ಟೋಪಿ ಹಿಂಡುತ್ತ. “ಅಳತೆಗೋಲು ಸೊಟ್ಟಗಿತ್ತು. ಮಾಡಿದವನು ನಾನು.”

“ಹಬ್ಬದ ಊಟ ವಾಪಸ್ ಕೊಡ್ತೀಯಾ?”

ಇಂಪಿ ಹೊಗೆಯಾಡುವ ಆಲೂಗಡ್ಡೆ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಕೂತ್ಕೊಂಡು ತಿನ್ನು. ಆ ಕರಿ ಮಿಠಾಯಿ ಬಿಟ್ಟೆಯೋ ಇಲ್ವೋ?”

“ಬಿಟ್ಟು ಹದಿನೈದು ದಿನ ಆಯ್ತು. ಬೆಳಗ್ಗೆ ನನ್ನ ರಕ್ತಾನೂ ನೋಡ್ಕೊಂಡೆ ಅಕ್ಕ. ನಾನೇ ಮಾಡಿದ ಆ ಸೊಟ್ಟ ಅಳತೆ ಪ್ರಕಾರ, ಈಗ ನಾನು ಆಲೂಗಡ್ಡೆ ಮುಟ್ಟೋ ಹಾಗಿಲ್ಲ.”