ಟಗರು ಯಾಕೆ ನಿಂತಿತು

ಕುರಿಗಳಿಂದ ತಪ್ಪಿಸಿಕೊಳ್ಳಬೇಕೆಂದೇ ನಾನು ಐಟಿಐ ಸೇರಿದ್ದು. ಎಲೆಕ್ಟ್ರಾನಿಕ್ಸ್ ಕಲಿತೆ, ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಮೊಬೈಲ್ ಟವರುಗಳನ್ನು ಹತ್ತಿ ಇಳಿದೆ, ಆಮೇಲೆ ಕುವೈತಿಗೆ ಬಂದೆ. ಇಲ್ಲಿ ಸಿಕ್ಕ ಕೆಲಸ ಯಾವುದೆಂದರೆ, ಮರುಭೂಮಿಯಲ್ಲಿ ಅಲೆಯುವ ಕುರಿಗಳ ಕೊರಳಿಗೆ ಯಂತ್ರ ಕಟ್ಟಿ ಅವು ಎಲ್ಲಿವೆ ಎಂದು ನೋಡುತ್ತ ಕೂರುವುದು. ಈ ಸುದ್ದಿ ಕೇಳಿ ಅಪ್ಪ ಫೋನಿನಲ್ಲಿ ನಕ್ಕೇ ನಕ್ಕ. ಕೊನೆಗೆ ಅವ್ವ ಫೋನು ಕಸಿದುಕೊಂಡು ಏನಾಯಿತೆಂದು ನನ್ನನ್ನೇ ಕೇಳಬೇಕಾಯಿತು.

ನಮ್ಮದು ಕುರಿ ಕಾಯುವ ಮನೆತನ. ದೀಪಾವಳಿಯಲ್ಲಿ ಕುರಿಗಳಿಗೆ ಪೂಜೆ ಮಾಡಿ ಪಡುವಣ ಸೀಮೆಯತ್ತ ಹೊರಟರೆ, ಮುಂಗಾರು ಹಿಡಿಯುವ ಮೊದಲು ಮೂಡಣ ಬಯಲಿಗೆ ತಿರುಗುವುದು. ಅಪ್ಪ ಈಗಲೂ ಹೋಗುತ್ತಾನೆ, ಅವ್ವನೂ ಜೊತೆಗಿರುತ್ತಾಳೆ. ಕುದುರೆಯ ಮೇಲೆ ಪಾತ್ರೆ ಪಡಗ, ಬಲೆಯಲ್ಲಿ ಎಳೆ ಮರಿಗಳು, ಅಪ್ಪನ ಜೇಬಿನಲ್ಲಿ ನಾನು ಕೊಡಿಸಿದ ಫೋನು. ನಾನು ಶಾಲೆಗೆ ಹೋಗುವಾಗ ಅಂಗಿಯಿಂದ ಕುರಿ ವಾಸನೆ ಬರುತ್ತದೆಂದು ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಆ ಸಿಟ್ಟು ನನಗೆ ಬಹಳ ವರ್ಷ ಇತ್ತು, ಮತ್ತು ಅದನ್ನು ಆ ಹುಡುಗರ ಮೇಲೆ ತೀರಿಸಿಕೊಳ್ಳುವ ಬದಲು ಅಪ್ಪನ ಮೇಲೆ ತೀರಿಸಿಕೊಂಡೆ.

ನಮ್ಮ ಕಂಪನಿಯ ಕಚೇರಿ ಮಿರ್ಕಾಬಿನಲ್ಲಿದೆ. ಕುರಿ ಒಂಟೆಗಳಿಗೆ ಲಸಿಕೆ ಹಾಕಿಸುವ ಕೆಲಸ ನಮ್ಮದು. ಮಂದೆ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಡಾಕ್ಟರು ಮರಳಲ್ಲಿ ದಿನವಿಡೀ ಗಾಡಿ ತಿರುಗಿಸಿ ಬರಿಗೈಯಲ್ಲಿ ವಾಪಸಾಗಬೇಕು. ಅದಕ್ಕೆ ಪ್ರತಿ ಮಂದೆಯಲ್ಲಿ ಐದು ಪ್ರಾಣಿಗಳಿಗೆ ಕೊರಳಪಟ್ಟಿ ಕಟ್ಟುತ್ತೇವೆ. ಪಟ್ಟಿಯಲ್ಲಿ ಬಿಸಿಲಿನಿಂದ ಚಾರ್ಜ್ ಆಗುವ ಸಣ್ಣ ಡಬ್ಬಿ ಇರುತ್ತದೆ. ಅದು ಗಂಟೆಗೊಮ್ಮೆ ತಾನಿರುವ ಜಾಗ ತಿಳಿಸುತ್ತದೆ, ನನ್ನ ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಬೇಸಿಗೆ ಪೂರ್ತಿ ಚುಕ್ಕೆಗಳು ಕಬ್ದ್ ಕಡೆಯ ಕೊಟ್ಟಿಗೆಗಳಲ್ಲಿ ಗುಂಪಾಗಿ ಬಿದ್ದಿರುತ್ತವೆ. ಅಕ್ಟೋಬರ್ ಕಳೆದು ಎರಡು ಮಳೆ ಬಿದ್ದರೆ ಒಂದೊಂದಾಗಿ ಹೊರಡುತ್ತವೆ. ಫೆಬ್ರವರಿಗೆ ಮರಳಿನ ಮೇಲೆ ತೆಳ್ಳಗೆ ಹಸಿರು ಬಂದಾಗ ಸಾಲ್ಮಿ ರಸ್ತೆಯಾಚೆಗೂ ಹೋಗಿರುತ್ತವೆ. ಬಿಸಿಲು ಏರಿದಂತೆ ಮತ್ತೆ ಕಬ್ದ್‌ಗೆ ಹಿಂದಿರುಗುತ್ತವೆ.

ಆ ಮಂದೆಗಳಲ್ಲಿ ಒಂದು ಸುಡಾನಿನ ಕುರುಬನದು. ಮಂದೆಯ ಮಾಲೀಕ ಅವನ ಕಫೀಲ್, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಕುವೈತಿ. ಕಾಯುವವನು ಮಾತ್ರ ಇವನು. ವಯಸ್ಸು ಐವತ್ತೈದರ ಮೇಲೆ, ತೆಳ್ಳಗೆ, ಮಾತು ಕಡಿಮೆ. ಮೊದಲ ಸಲ ಪಟ್ಟಿ ಕಟ್ಟಲು ಹೋದಾಗ ನಾನು ನನಗೆ ಬರುವ ಹರಕು ಮುರುಕು ಅರಬಿಯಲ್ಲಿ, ನಾನೂ ಕುರಿ ಕಾಯುವವನ ಮಗ ಎಂದು ಹೇಳಿಕೊಂಡೆ. ಊರಲ್ಲಿ ಮುಚ್ಚಿಟ್ಟುಕೊಂಡಿದ್ದನ್ನು ಇಲ್ಲಿ ಕೆಲಸ ಸುಲಭವಾಗಲಿ ಎಂದು ಎಲ್ಲ ಕುರುಬರ ಮುಂದೆಯೂ ಕೊಚ್ಚಿಕೊಳ್ಳುತ್ತಿದ್ದೆ. ಆತ ನನ್ನ ಪ್ಯಾಂಟು, ಬೂಟು ಎಲ್ಲ ಮೇಲಿಂದ ಕೆಳಗೆ ನೋಡಿದ. ಪಟ್ಟಿ ಕಟ್ಟಲು ನಾಲ್ಕು ಹೆಣ್ಣು ಕುರಿಗಳನ್ನು ತಾನೇ ಆರಿಸಿ ಹಿಡಿದುಕೊಟ್ಟ. ಐದನೆಯದಾಗಿ ಒಂದು ದೊಡ್ಡ ಟಗರನ್ನು ಎಳೆದು ತಂದ. ಇದು ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ, ನಿನ್ನ ಯಂತ್ರಕ್ಕೂ ಸ್ವಲ್ಪ ತಿರುಗಾಟವಾಗಲಿ ಎಂದ. ಆತನ ಬಾಯಿಂದ ಅವತ್ತು ಕೇಳಿದ ತಮಾಷೆ ಅದೊಂದೇ.

ಅವನಿಗೆ ನಾನು ಋಣಿಯಾಗಿರುವುದಕ್ಕೆ ಕಾರಣಗಳು ಅಲ್ಲಿಂದಲೇ ಶುರುವಾಗುತ್ತವೆ. ಎರಡನೇ ಭೇಟಿಯಲ್ಲಿ ನನ್ನ ಪಿಕಪ್ ಮರಳಲ್ಲಿ ಹೂತುಹೋಯಿತು. ನಾನು ಬೈಯುತ್ತ ಗಾಡಿಯ ಸುತ್ತ ತಿರುಗುತ್ತಿದ್ದಾಗ ಆತ ನಡೆದು ಬಂದು ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕರ್ಧ ಬಿಟ್ಟ. ಗಾಡಿ ಎದ್ದು ಬಂತು. ಮಾತಿಗಿಂತ ಗಾಳಿ ಬಿಡುವುದು ಮೇಲು ಎಂಬಂತೆ ಒಂದು ನೋಟ ನೋಡಿದ. ಆಮೇಲೆ ಬೂದಿಯಲ್ಲಿ ಸುಟ್ಟ ದಪ್ಪ ರೊಟ್ಟಿ, ಕುರಿ ಹಾಲು ಹಾಕಿದ ಚಹಾ ಕೊಟ್ಟ. ಹೊಗೆ ಬೆರೆತ ಆ ಹಾಲಿನ ರುಚಿ ನಾಲಿಗೆಗೆ ತಗಲಿದ ಕೂಡಲೇ ಅವ್ವನ ಮೂರು ಕಲ್ಲಿನ ಒಲೆ ನೆನಪಾಯಿತು. ಹೊಟ್ಟೆ ತುಂಬಿತ್ತು, ಆದರೂ ಇನ್ನೊಂದು ಲೋಟ ಕೇಳಿ ಕುಡಿದೆ.

ಶುಕ್ರವಾರ ನಮಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಅಪ್ಪನಿಗೆ ಫೋನು ಮಾಡುತ್ತೇನೆ. ಈ ಕೆಲಸಕ್ಕೆ ಸೇರುವ ಮುಂಚೆ ನಮ್ಮಿಬ್ಬರ ಮಾತು ಮೂರು ನಿಮಿಷಕ್ಕೆ ಖಲಾಸ್ ಆಗುತ್ತಿತ್ತು. ಆರಾಮಾ, ಆರಾಮ, ಊಟ ಆತಾ, ಆತು, ಅಷ್ಟೇ. ಈಗ ಅಪ್ಪನಿಗೆ ಇಲ್ಲಿಯ ಮಂದೆಗಳ ವರದಿ ಬೇಕು. ಯಾವುದು ಎತ್ತ ಹೊರಟಿತು, ಮೇವು ಎಂಥದ್ದು, ನೀರು ಎಷ್ಟು ದೂರ ಎಂದು ಕೇಳುತ್ತಾನೆ. ಟ್ಯಾಂಕರಿನಲ್ಲಿ ನೀರು ತಂದು ಕುಡಿಸುತ್ತಾರೆ ಎಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ನಾನೂ ಅವನನ್ನು ಈ ವಾರ ಕುರಿಹಟ್ಟಿ ಎಲ್ಲಿ ಹಾಕಿದ್ದೀರಿ ಎಂದು ಕೇಳಿ, ನನ್ನ ಸ್ವಂತದ ಇನ್ನೊಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಇಲ್ಲೇ ಶಾಲೆಗೆ ಹೋಗುವ ನನ್ನ ಮಗಳು ಆ ಗುರುತುಗಳನ್ನು ನೋಡಿ, ತಾತ ವರ್ಷಕ್ಕೆ ಇಷ್ಟು ನಡೀತಾರಾ ಎಂದು ಇಂಗ್ಲಿಷಿನಲ್ಲಿ ಬೆರಗಾಗುತ್ತಾಳೆ.

ಹೋದ ವರ್ಷ ಮಾರ್ಚ್ ಮೊದಲ ವಾರದ ಗುರುವಾರ ಬೆಳಿಗ್ಗೆ ಸುಡಾನಿಯ ಮಂದೆಯ ಐದೂ ಚುಕ್ಕೆಗಳು ಒಂದೇ ಕಡೆ ನಿಂತಿದ್ದವು. ಹಿಂದಿನ ಸಂಜೆಯಿಂದ ಅಲುಗಾಡಿರಲಿಲ್ಲ. ಯಂತ್ರ ಕೆಟ್ಟಿತೇ ಎಂದು ಮ್ಯಾನೇಜರ್ ಕೇಳಿದರು. ಐದೂ ಒಟ್ಟಿಗೆ ಕೆಡುವುದಿಲ್ಲ ಸರ್ ಎಂದೆ. ಇದು ಕುರಿ ಮರಿ ಹಾಕುವ ಕಾಲ, ಮರಿ ಹಾಕುವಾಗ ಮಂದೆ ನಿಲ್ಲುತ್ತದೆ, ಆಗ ಹೊರಗಿನವರು ಹೋಗಿ ಗದ್ದಲ ಮಾಡಬಾರದು, ನಮ್ಮ ಕಡೆ ಹಾಗೆ ಪದ್ಧತಿ ಎಂದು ದೊಡ್ಡ ಪಂಡಿತನಂತೆ ವಿವರಿಸಿದೆ. ಅವರು ಮೆಚ್ಚಿಕೊಂಡರು. ಅನುಭವ ಅಂದರೆ ಇದು ಎಂದು ಪಕ್ಕದ ಟೇಬಲಿನವರಿಗೂ ಹೇಳಿದರು. ನಾನು ಪರದೆಯಲ್ಲಿ ಆ ಮಂದೆಯ ಹೆಸರಿನ ಮುಂದೆ, ಮರಿ ಹಾಕುತ್ತಿವೆ, ಒಂದು ವಾರ ಹೋಗಬೇಡಿ ಎಂದು ಟಿಪ್ಪಣಿ ಬರೆದು, ಖುಷಿಯಿಂದ ಚಹಾ ಕುಡಿಯಲು ಎದ್ದೆ.

ಮರುದಿನ ಶುಕ್ರವಾರ. ಅಪ್ಪ ಎಂದಿನಂತೆ ವರದಿ ಕೇಳಿದ. ನಾನು ಎಲ್ಲ ಮಂದೆಗಳ ಸುದ್ದಿ ಹೇಳಿ, ಕೊನೆಗೆ ನನ್ನ ಜಾಣತನವನ್ನೂ ಸೇರಿಸಿದೆ.

"ಐದೂ ನಿಂತಾವೇನು?" ಎಂದ ಅಪ್ಪ.

"ಹೂಂ ಯಪ್ಪಾ, ಐದೂ. ಎರಡ ದಿನ ಆತು."

"ಐದೂ ಹೆಣ್ಣ ಏನು?"

"ಇಲ್ಲ, ಅದರಾಗ ಒಂದ ಟಗರ ಐತಿ."

"ಮತ್ತ ಟಗರ ಯಾಕ ನಿಂತೈತಿ? ಅದೂ ಮರಿ ಹಾಕಾಕತ್ತೈತೇನು?"

ಮರಿ ಹಾಕಿದ ಕುರಿಗಳಷ್ಟೇ ಹಟ್ಟಿಯಲ್ಲಿ ಉಳಿಯುತ್ತವೆ, ಉಳಿದವು ಟಗರಿನ ಸಮೇತ ಮೇಯಲು ಹೋಗುತ್ತವೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಆರನೇ ವಯಸ್ಸಿನಲ್ಲಿ ಆ ಎಳೆ ಮರಿಗಳನ್ನು ಕಾಯುತ್ತ ಹಟ್ಟಿಯಲ್ಲಿ ಕುಳಿತವನೇ ನಾನು. ಟಗರುಗಳು ಹೋದ ಮೇಲೆ ಹಾಯುವವರಿಲ್ಲವೆಂದು ಆಗ ಧೈರ್ಯವಾಗಿ ಆಡುತ್ತಿದ್ದೆ.

"ತಮ್ಮಾ, ಆ ಮನಶಾಗ ಏನೋ ಆಗೈತಿ," ಎಂದ ಅಪ್ಪ. "ಫೋನ ಇಡು. ಎದ್ದ ಹೋಗು."

ಸುಡಾನಿಯ ಫೋನಿಗೆ ಮಾಡಿದೆ, ಸ್ವಿಚ್ ಆಫ್. ಕಫೀಲ್ ರಜೆಗೆಂದು ದೇಶದಾಚೆ ಹೋಗಿದ್ದರು, ಅವರೂ ಸಿಗಲಿಲ್ಲ. ಹೆಂಡತಿ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸು. ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದು ತಟ್ಟೆಯ ಮುಂದೆ ಕೂತಿದ್ದಳು. ನಾನು ವಿಷಯ ಹೇಳುತ್ತಿದ್ದಂತೆ ಅನ್ನಕ್ಕೆ ಮುಚ್ಚಳ ಮುಚ್ಚಿ, ಬ್ಯಾಂಡೇಜಿನ ಚೀಲ ತೆಗೆದುಕೊಂಡು, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನನಗಿಂತ ಮೊದಲು ಪಿಕಪ್ ಹತ್ತಿದಳು. ಒಂದೂ ಪ್ರಶ್ನೆ ಕೇಳಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾನು ಅವಳಿಗೆ ಮನಸಾರೆ ಕೈಮುಗಿದ ಗಳಿಗೆಗಳಲ್ಲಿ ಅದು ಒಂದು, ಆದರೆ ಸ್ಟಿಯರಿಂಗ್ ಹಿಡಿದಿದ್ದರಿಂದ ಮುಗಿಯಲಾಗಲಿಲ್ಲ.

ಡಾಂಬರು ಮುಗಿದಲ್ಲಿ ಇಳಿದು ನಾಲ್ಕೂ ಚಕ್ರಗಳ ಗಾಳಿ ಬಿಟ್ಟೆ. ಯಾರು ಕಲಿಸಿದ್ದೋ ಅವನ ಬಳಿಗೇ ಹೋಗುತ್ತಿದ್ದೇನೆ ಎಂದು ಆಗ ಹೊಳೆಯಿತು. ದಾರಿಯುದ್ದಕ್ಕೂ ಗುರುವಾರ ಬೆಳಿಗ್ಗೆ ಎಷ್ಟು ಗಂಟೆಗೆ ಪರದೆ ನೋಡಿದೆ, ಅಲ್ಲಿಂದ ಈಗ ಎಷ್ಟು ಹೊತ್ತಾಯಿತು ಎಂದು ತಲೆಯಲ್ಲಿ ಅದೇ ಲೆಕ್ಕ.

ಇನ್ನೂ ಬಿಸಿಲಿತ್ತು. ಡೇರೆಯ ಸುತ್ತ ಕುರಿಗಳು ಚದುರಿದ್ದವು, ಕಂಡ ಕೂಡಲೇ ಒದರುತ್ತ ಪಿಕಪ್ಪಿನ ಕಡೆ ಓಡಿ ಬಂದವು. ಕೊರಳಪಟ್ಟಿಯ ಐದನ್ನು ಮಾತ್ರ ಡೇರೆಯ ಗೂಟಗಳಿಗೆ ಕಟ್ಟಿಹಾಕಲಾಗಿತ್ತು. ಆತ ಒಳಗೆ ಚಾಪೆಯ ಮೇಲೆ ಬಿದ್ದಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಊದಿ ಕಪ್ಪಾಗಿತ್ತು, ತುಟಿ ಒಡೆದಿತ್ತು, ಮೈ ಕೆಂಡವಾಗಿತ್ತು. ಆದರೆ ಕಣ್ಣು ತೆರೆದಿದ್ದ. ನನ್ನನ್ನು ನೋಡಿ, "ಜೀತಾ?" ಎಂದಷ್ಟೇ ಕೇಳಿದ. ಬಂದೆಯಾ ಎಂದು.

ನಡೆದದ್ದು ಇಷ್ಟು. ಬುಧವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಏಣಿಯಿಂದ ಜಾರಿದ್ದಾನೆ. ಬೀಳುವಾಗ ಕೈಗೆ ಸಿಕ್ಕ ಪೈಪು ಹಿಡಿದಿದ್ದಾನೆ, ಅದು ಮುರಿದು ನೀರೆಲ್ಲ ಮರಳಿಗೆ ಹೋಗಿದೆ. ಫೋನು ಅವನ ಮೈಕೆಳಗೇ ಪುಡಿಯಾಗಿದೆ. ಉಳಿದದ್ದು ಎರಡು ಕ್ಯಾನು ನೀರು. ಮುಂದಿನ ಟ್ಯಾಂಕರ್ ಬರಲು ಇನ್ನೂ ನಾಲ್ಕು ದಿನವಿತ್ತು. ಆ ಎರಡು ಕ್ಯಾನಿನಲ್ಲಿ ಹೆಚ್ಚಿನದನ್ನು ಅವನು ಕುರಿಗಳಿಗೇ ಹಾಕಿದ್ದ.

ಹೆಂಡತಿ ಚಮಚದಿಂದ ಸ್ವಲ್ಪ ಸ್ವಲ್ಪವೇ ನೀರು ಕುಡಿಸಿ, ಕಾಲಿಗೆ ಹಲಗೆ ಕಟ್ಟಿದಳು. ನಾನು ಆಂಬುಲೆನ್ಸಿಗೆ ಫೋನು ಮಾಡಿ ಜಾಗದ ಗುರುತು ಕಳಿಸಿದೆ. ಒಂದು ಸಲವಾದರೂ ಆ ಚುಕ್ಕೆಗಳು ಸರಿಯಾದ ಕೆಲಸಕ್ಕೆ ಬಂದವು. ಆಂಬುಲೆನ್ಸ್ ಬರುವವರೆಗೆ ಪಿಕಪ್ಪಿನಲ್ಲಿದ್ದ ನೀರನ್ನೆಲ್ಲ ಇಳಿಸಿದೆ. ಕಂಪನಿಯವರು ಸಂಜೆಯೊಳಗೆ ಟ್ಯಾಂಕರ್ ಕಳಿಸಿದರು, ಮಂದೆಗೆ ಬೇರೆ ಜನ ಬಂದರು.

ಇನ್ನೊಂದು ದಿನ ತಡವಾಗಿದ್ದರೆ ಮೂತ್ರಪಿಂಡ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಕಾಲಿಗೆ ರಾಡ್ ಹಾಕಿದ ನಾಲ್ಕನೆಯ ದಿನ ಹೋಗಿ ಅವನ ಪಕ್ಕ ಕೂತು, ಎಲ್ಲ ಒಪ್ಪಿಕೊಂಡೆ. ಗುರುವಾರವೇ ನೋಡಿದ್ದೆ, ಮರಿ ಹಾಕುತ್ತಿವೆ ಅಂದುಕೊಂಡೆ, ಯಾರೂ ಹೋಗಬೇಡಿ ಎಂದು ಬರೆದದ್ದೂ ನಾನೇ ಎಂದೆ. ಆತ ಚಾವಣಿಯನ್ನು ನೋಡುತ್ತ ಮಲಗಿದ್ದ. ಆಮೇಲೆ ನಿಧಾನವಾಗಿ ಹೇಳಿದ. ಅವನ ಅರಬಿಯನ್ನು ಕನ್ನಡಕ್ಕೆ ತಂದರೆ ಹೀಗೆ:

"ತಮ್ಮಾ, ಆ ಐದನ್ನೂ ನಾನೇ ಕಟ್ಟಿದ್ದು. ತೆವಳಿಕೊಂಡು ಹೋಗಿ, ಜವೆಗೋಧಿಯ ಬಕೆಟ್ ತೋರಿಸಿ ಹಿಡಿದೆ. ಟಗರು ಹಿಡಿಯಲು ಅರ್ಧ ದಿನ ಬೇಕಾಯಿತು. ಹೆಣ್ಣು ಕುರಿ ನಿಂತರೆ ಯಾರೂ ಕೇಳುವುದಿಲ್ಲ. ಟಗರು ನಿಂತರೆ ಕುರಿ ಕಾಯುವವನ ಮಗ ಕೇಳುತ್ತಾನೆ ಅಂದುಕೊಂಡೆ. ನೀನೇ ಹೇಳಿದ್ದೆಯಲ್ಲ."

ನಾನು ತಲೆ ತಗ್ಗಿಸಿದೆ. ಕೆಲಸ ಸಾಗಲೆಂದು ಹತ್ತು ಕಡೆ ಹೇಳಿಕೊಂಡ ಮಾತು ಅದು. ಮುರಿದ ಕಾಲು ಎಳೆದುಕೊಂಡು ಈ ಮನುಷ್ಯ ತನ್ನ ಜೀವವನ್ನು ಅದೇ ಮಾತಿಗೆ ಕಟ್ಟಿದ್ದ. ಕೇಳಿದ್ದು ನಾನಲ್ಲ, ನನ್ನ ಅಪ್ಪ, ಇಲ್ಲಿಂದ ಸಮುದ್ರದಾಚೆ ಯಾರದೋ ಹೊಲದಲ್ಲಿ ನಿಂತು ಫೋನಿನಲ್ಲಿ ಕೇಳಿದ ಎಂದು ಹೇಳಿದೆ. ಆತನ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಹಾಗಾದರೆ ಹೋಗಬೇಕಾದವರಿಗೇ ಹೋಗಿ ಮುಟ್ಟಿತು ಎಂದ. ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಮುಂದಿನ ಶುಕ್ರವಾರ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಹೇಳುತ್ತ, ಶಾಲೆಯ ದಿನಗಳಿಂದ ಹೇಳದೆ ಉಳಿಸಿಕೊಂಡಿದ್ದನ್ನೂ ಹೇಳಿಬಿಟ್ಟೆ. ನಿನ್ನ ಮಗ ಅಂತ ಹೇಳಿಕೊಳ್ಳಾಕ ನಾಚಿಕೊಂಡಿದ್ದೆ ಯಪ್ಪಾ, ತಪ್ಪಾತು ಎಂದೆ. ಆ ಕಡೆ ಕುರಿಗಳ ಸದ್ದು, ಅವ್ವ ಯಾರನ್ನೋ ಗದರಿಸುವ ದನಿ. ಅಪ್ಪ ಕೆಮ್ಮಿದ. ನನ್ನ ತಪ್ಪಿನ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಎರಡ ದಿನ ಕಟ್ಟಿದ ಟಗರು," ಎಂದ. "ಬಿಚ್ಚಿ ಅದಕ್ಕ ನೀರ ಕುಡಿಸಿದ್ಯೋ ಇಲ್ಲೋ?"

ಕುಡಿಸಿದ್ದೆ. ಆಂಬುಲೆನ್ಸ್ ಬರುವ ಮೊದಲೇ ಬಿಚ್ಚಿ, ಬಕೆಟ್ ಹಿಡಿದು, ಒಮ್ಮೆಲೇ ಕುಡಿದು ಹೊಟ್ಟೆ ಉಬ್ಬದಂತೆ ತಡೆತಡೆದು ಕುಡಿಸಿದ್ದೆ. ಆ ವಾರದಲ್ಲಿ ಯಾರೂ ಹೇಳದೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.