ರೊಮೆಲ್ ಹೇಳಿದ ಊರು

ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಊರಲ್ಲಿ ಜಿನ್ನು, ಭೂತಗಳ ಕಥೆ ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ನೀವು ನಂಬಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎಂಬತ್ತರ ದಶಕದ ಮಧ್ಯಭಾಗ. ರಿಯಾದಿನ ಹತ್ತಿರದ ಅಲ್ ಖರ್ಜ್‌ನ ಹೊರಗಿದ್ದ ಒಂದು ಹಾಲಿನ ಫಾರ್ಮ್‌ನಲ್ಲಿ ನಾನು ಪಿಕಪ್ ಡ್ರೈವರ್. ಬಂಟ್ವಾಳ ಕಡೆಯವನಾದ ನನಗೆ ಬ್ಯಾರಿ, ತುಳು, ಕನ್ನಡ ಬಿಟ್ಟರೆ ಕೆಲಸಕ್ಕೆ ಬೇಕಾದಷ್ಟು ಹಿಂದಿ, ಅರಬಿ, ಸ್ವಲ್ಪ ಹರಕು ಇಂಗ್ಲಿಷ್ ಗೊತ್ತಿತ್ತು. ಆ ಬೇಸಿಗೆಯಲ್ಲಿ ಫಿಲಿಪೈನ್ಸಿನ ರೊಮೆಲ್ ದನಗಳ ಕೆಲಸಕ್ಕೆ ಬಂದ. ಮೂವತ್ತರ ಆಸುಪಾಸಿನವನು. ‘ಯೆಸ್ ಸರ್’ ಬಿಟ್ಟು ಅವನ ಬಾಯಿಂದ ಬೇರೆ ಮಾತು ಕೇಳಿದವರಿಲ್ಲ. ಅವನ ದೇಶದವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಒಬ್ಬನೇ ಕುಳಿತು ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ಒಣಹುಲ್ಲಿನ ಕಟ್ಟುಗಳ ರಾಶಿ ಕುಸಿದು ಅವನ ಮೇಲೆ ಬಿತ್ತು. ಎಳೆದು ತೆಗೆದಾಗ ಉಸಿರಿತ್ತು. ಹೊರಗೆ ಗಾಯ ಕಾಣಲಿಲ್ಲ, ಆದರೆ ಹೊಟ್ಟೆ ಕಲ್ಲಾಗಿತ್ತು. ನಮ್ಮ ಸೂಪರ್‌ವೈಸರ್, ಭಟ್ಕಳದ ಇಸ್ಮಾಯಿಲ್ ಸಾಹೇಬರು ಓಡಿ ಬಂದರು.

“ಇಲ್ಲಿ ಆಗುವುದಿಲ್ಲ ಮಾರಾಯ, ರಿಯಾದಿಗೆ ಕೊಂಡೋಗು. ಯಲ್ಲಾ, ನಿಲ್ಲಬೇಡ!”

ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿಕೊಂಡು ಒಬ್ಬನೇ ಹೊರಟೆ. ದಾರಿಯಲ್ಲಿ ಧೂಳೆದ್ದು ಬಿಸಿಲು ಕೆಂಪಗಾಯಿತು. ಅವನ ಕಣ್ಣು ಮುಚ್ಚದಿರಲೆಂದು ಮಾತಾಡಿಸುತ್ತಲೇ ಇದ್ದೆ. “ನಿನ್ನ ಊರು ಎಂತದು?” ಎಂದೆ. ಅವನು ಹೇಳತೊಡಗಿದ.

ಹಸಿರು ನೀರಿನ ಹೊಳೆಯೊಂದು ಅವನ ಊರಿನ ಬಳಿ ಸಮುದ್ರ ಸೇರುತ್ತದೆ. ಹಿಂದಿನ ಕಾಲದಲ್ಲಿ ದಕ್ಷಿಣದಿಂದ ದೋಣಿಗಳಲ್ಲಿ ಬಂದವರು ಜನರನ್ನು ಹಿಡಿದೊಯ್ಯುತ್ತಿದ್ದರಂತೆ. ಅವರನ್ನು ದೂರದಿಂದಲೇ ಕಾಣಲೆಂದು ಸ್ಪೇನಿನ ಪಾದ್ರಿಗಳು ಹವಳದ ಕಲ್ಲಿನ ಗೋಪುರ ಕಟ್ಟಿಸಿದರು. ಈಗ ಅದರ ನೆತ್ತಿಯಲ್ಲಿ ಮರ ಬೆಳೆದಿದೆ. ಒಳನಾಡಿನಲ್ಲಿ ಗುಂಡನೆಯ ಗುಡ್ಡಗಳು, ಬೇಸಿಗೆಗೆ ಎಲ್ಲವೂ ಕಂದು. ಯುದ್ಧದಲ್ಲಿ ಜಪಾನಿನ ಸೈನಿಕರಿಗೆ ಹೆದರಿ ಅವನ ಅಜ್ಜಿ ಬಾವಲಿಗಳ ಗುಹೆಯಲ್ಲಿ ಅಡಗಿದ್ದಳು. ಈಗ ಪಟ್ಟಣದವರು ಟಾರ್ಚ್ ಹಿಡಿದು ಅದನ್ನು ನೋಡಲು ಬರುತ್ತಾರೆ. ಅಮ್ಮ ಹೊಳೆಬದಿಯ ತಾಳೆಗರಿ ಕೊಯ್ದು ಮನೆಯ ಮಾಡಿಗೆ ಹೊದಿಸಲು ಹೆಣೆಯುತ್ತಾಳೆ.

“ನಾವು ತೆಂಗಿನ ಮಡಲು ಹೆಣೆಯುವ ಹಾಗೆಯಾ?” ಎಂದೆ.

“ಹೂಂ. ಆದರೆ ಕೆಸರಲ್ಲಿ ಸೊಂಟದವರೆಗೆ ಇಳಿಯಬೇಕು.”

ಕೊನೆಗೆ ಅಂದ: “ನನ್ನ ತಮ್ಮ ಇಲ್ಲಿಗೆ ಹೊರಟಿದ್ದಾನೆ. ಬರುವುದು ಬೇಡ. ಅಮ್ಮನಿಗೆ ಹೇಳು.”

ಹೇಳುತ್ತೇನೆ ಎಂದೆ.

ಕತ್ತಲಾಗುವ ಮೊದಲೇ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯ ಹೊತ್ತಿನಲ್ಲಿ ಹತ್ತಿರವಿದ್ದ ನರ್ಸ್ ಅವನದೇ ದ್ವೀಪದವಳು. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಅವಳಿಗೆ ಹೇಳಿದೆ. ಗೋಪುರ, ಗುಹೆ ಎಂದಾಗ ಅಳುತ್ತಲೇ ತಲೆಯಾಡಿಸಿದಳು. ತಮ್ಮನ ವಿಷಯ ಮನೆಗೆ ಮುಟ್ಟಿಸುತ್ತೇನೆ ಎಂದಳು. ಆಮೇಲೆ ಕೇಳಿದಳು: “ಅವರಿಗೆ ನಮ್ಮ ದ್ವೀಪದ ಭಾಷೆಯೊಂದೇ ಬರುತ್ತಿತ್ತು, ನನ್ನ ಹತ್ತಿರ ಅವರೇ ಹೇಳಿದರು. ನೀವು ಅದನ್ನು ಎಲ್ಲಿ ಕಲಿತಿರಿ?”

ದಾರಿಯುದ್ದಕ್ಕೂ ನಾನು ಮಾತಾಡಿದ್ದು ಬ್ಯಾರಿಯಲ್ಲಿ. ಅವನು ಯಾವ ಭಾಷೆಯಲ್ಲಿ ಉತ್ತರ ಕೊಟ್ಟ? ಎಷ್ಟು ನೆನಪಿಸಿಕೊಂಡರೂ ಅವನ ಒಂದು ಶಬ್ದವೂ ಕಿವಿಗೆ ಬರಲಿಲ್ಲ. ಅರ್ಥ ಮಾತ್ರ ಇತ್ತು.

ಬಿಸಿಲಿಗೆ ತಲೆ ಕೆಟ್ಟು ನಾನೇ ಕಲ್ಪಿಸಿಕೊಂಡೆ ಎನ್ನೋಣವೆಂದರೆ, ಮರುದಿನ ನಾನು ತಮ್ಮನ ಮಾತೆತ್ತಿದಾಗ ಇಸ್ಮಾಯಿಲ್ ಸಾಹೇಬರು ಸುಲೈಮಾನಿ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

“ತಮ್ಮನ ವೀಸಾದ ವಿಷಯ ನಾನು ಯಾರಿಗೂ ಹೇಳಲಿಲ್ಲ. ನಿನಗೆ ಹೇಗೆ ಗೊತ್ತು?”

“ಅವನನ್ನು ಕರೆಸಬೇಡಿ ಸಾಹೇಬ್ರೆ.”

“ಬೇಡ ಅನ್ನಲಿಕ್ಕೆ ನಾನು ಯಾರು? ಅವರಿಗೂ ಹೊಟ್ಟೆ ಉಂಟಲ್ಲ ಮಾರಾಯ.”

ಚಳಿಗಾಲದಲ್ಲಿ ತಮ್ಮ ಬಂದೇ ಬಂದ. ತಾಯಿಗೆ ಸುದ್ದಿ ಮುಟ್ಟಿತ್ತೋ ಇಲ್ಲವೋ ತಿಳಿಯದು. ಅವನನ್ನು ಕರೆತರಲು ರಿಯಾದಿಗೆ ಹೋದವನೂ ನಾನೇ. ಅಣ್ಣನದೇ ಮುಖ. ದಾರಿಯಲ್ಲಿ ಅವನು ಏನೋ ಕೇಳಿದ. ಅಣ್ಣನಿಗೆ ತಿಳಿದ ಹಾಗೆ ಇವನಿಗೂ ತಿಳಿದೀತೆಂದು ನಾನು ಬೇಕೆಂದೇ ಬ್ಯಾರಿಯಲ್ಲಿ ಮಾತಾಡಿ ಕಾದೆ. ಅವನು ಅರ್ಥವಾಗದೆ ನನ್ನ ಮುಖ ನೋಡಿದ, ಮತ್ತೆ ಕೇಳಿದ, ಕೇಳುತ್ತಾ ಕೇಳುತ್ತಾ ಅಳತೊಡಗಿದ. ‘ರೊಮೆಲ್’ ಎಂಬ ಹೆಸರೊಂದು ಬಿಟ್ಟು ನನಗೆ ಏನೂ ತಿಳಿಯಲಿಲ್ಲ. ಅಲ್ ಖರ್ಜ್ ಬರುವವರೆಗೂ ಅವನು ಮಾತಾಡುತ್ತಲೇ ಇದ್ದ.