ಟೆಂಡರ್ ವಾಪಸ್ ಕೇಳಲು ಬಂದವನು

ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದವನು ಮೊದಲು ನೀರು ಕೇಳಿದ. ಯಜಮಾನರ ಸ್ನೇಹಿತನಿರಬೇಕೆಂದುಕೊಂಡು, ಅವರೆಕಾಯಿ ಸುಲಿಯುವುದನ್ನು ಬಿಟ್ಟು ಎದ್ದು ತಂದುಕೊಟ್ಟೆ. ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

“ಅಕ್ಕಾ, ಕುಣಿಗಲ್ ಕಡೆ ಕೆರೆ ಹೂಳೆತ್ತೋ ಟೆಂಡರ್‌ಗೆ ಅಣ್ಣ ಹಾಕವ್ರಂತೆ. ಅದು ನಮ್ಮೋರ್ಗೆ ಅಂತ ಆಗೋಗೈತೆ. ಇವತ್ತು ನಾಲ್ಕು ಗಂಟೆಗೆ ಗಡುವು ಮುಗಿತೈತೆ, ಅಷ್ಟ್ರೊಳ್ಗೆ ವಾಪಸ್ ತಗೊಳ್ಳೋಕೆ ಹೇಳ್ಬುಡಿ. ನಿಮಗಿರೋದು ಒಂದೇ ಜೆಸಿಬಿ ಅಲ್ವಾ? ಅದನ್ನೂ ಖಾಲಿ ಸೈಟಲ್ಲಿ ನಿಲ್ಲಿಸ್ತೀರ, ಕಾವಲಿಗೆ ಯಾರೂ ಇರಲ್ಲ.”

ದನಿ ಏರಿಸಲಿಲ್ಲ. ಹೋಗುವಾಗ ಗೇಟನ್ನೂ ಹಾಕಿಕೊಂಡು ಹೋದ. ಟೆಂಡರ್ ಆನ್‌ಲೈನಿನಲ್ಲಿ ಹಾಕಿದ್ದು, ಯಾರ‍್ಯಾರು ಹಾಕಿದ್ದಾರೆಂದು ಅದನ್ನು ತೆರೆಯುವವರೆಗೆ ಯಾರಿಗೂ ತಿಳಿಯುವುದಿಲ್ಲ ಎಂದು ಇವರು ಹೇಳಿದ್ದರು. ಹಾಗಿದ್ದರೆ ಇವನಿಗೆ ಹೇಗೆ ತಿಳಿಯಿತು ಎಂದುಕೊಳ್ಳುತ್ತಾ ಬಾಗಿಲ ಚಿಲಕ ಹಾಕಿದೆ.

ಇವರು ಗುಬ್ಬಿಗೆ ಹೋಗಿದ್ದರು. ಇವರ ಸ್ವಭಾವ ನನಗೆ ಗೊತ್ತು; ಫೋನ್ ಮಾಡಿ ಹೇಳಿದ್ದರೆ ಹೆದರಿ ಆಗಲೇ ಹಿಂತೆಗೆದುಕೊಳ್ಳುತ್ತಿದ್ದರು. ಜೆಸಿಬಿ ಮೂರು ತಿಂಗಳಿಂದ ಕೆಲಸವಿಲ್ಲದೆ ನಿಂತಿತ್ತು. ಫೋನನ್ನು ಮಡಿಲಲ್ಲಿಟ್ಟುಕೊಂಡು, ಗಡಿಯಾರ ನೋಡುತ್ತಾ, ನಾಲ್ಕು ಹೊಡೆಯುವವರೆಗೂ ಕಾಯಿ ಸುಲಿದೆ.

ಕೆಲಸ ನಮಗೇ ಸಿಕ್ಕಿತು. ಅವನು ಬಂದುಹೋದದ್ದನ್ನು ಎದುರು ಕೂತು ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಇದನ್ನು ಓದಿಯಾದರೂ ಇವರಿಗೆ ತಿಳಿಯಲಿ. ಇವರು ಕೆರೆ ಕೆಲಸಕ್ಕೆ ಹೋದ ದಿನವೆಲ್ಲ ಮೂರು ನಾಲ್ಕು ಸಲ ಫೋನ್ ಮಾಡಿ “ಊಟ ಆಯ್ತಾ?” ಎನ್ನುತ್ತೇನೆ. “ಹನ್ನೊಂದು ಗಂಟೆಗೆಲ್ಲ ಎಂಥ ಊಟನೇ?” ಎಂದು ನಗುತ್ತಾರೆ. ಇವರ ದನಿಯ ಹಿಂದೆ ಜೆಸಿಬಿಯ ಸದ್ದು ಕೇಳಿಸಿದ ಮೇಲೆಯೇ ಫೋನ್ ಇಡುತ್ತೇನೆ.